ಡೈವ್ ವಾಚ್ ಕಟ್ಟಿಕೊಂಡು ಸರ್ಫಿಂಗ್: ನೀರಿಗಿಳಿಯುವ ಮೊದಲಿನಿಂದ ತೊಳೆದು ಒರೆಸುವವರೆಗೆ ಸಮಗ್ರ ಮಾರ್ಗದರ್ಶಿ

ಅಲೆ ನನ್ನನ್ನು ಬೀಳಿಸಿ, ನೊರೆಯೊಳಗೆ ಎರಡು ಸುತ್ತು ಉರುಳಿಸಿ ಮೇಲಕ್ಕೆ ಬಿಟ್ಟಿತು. ಮೊದಲು ಬೋರ್ಡ್ ಹುಡುಕಿದೆ. ಆಮೇಲೆ ಕೈ ನೋಡಿಕೊಂಡೆ. ವಾಚು ಮಣಿಕಟ್ಟಿನ ಮೇಲೆ ಕೂತಿರಲಿಲ್ಲ. ಒಂದು ಬದಿ ಕಳಚಿಕೊಂಡು, ನೈಲಾನ್ ಪಟ್ಟಿಯಲ್ಲಿ ಜೋತಾಡುತ್ತಿತ್ತು. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಕೊಂಡ ವಾಚು ಅದು. ಒಳಗೆ ಒಂದು ಹನಿ ನೀರೂ ಹೋಗಿರಲಿಲ್ಲ, ಮುಳ್ಳು ಸರಿಯಾಗಿ ಓಡುತ್ತಿತ್ತು. ಕೈಕೊಟ್ಟಿದ್ದು ಬೆಂಕಿಕಡ್ಡಿಗಿಂತ ಸಣ್ಣ ಒಂದು ಕಂಬಿ.

ದುಬಾರಿ ಡೈವ್ ವಾಚು ಕಟ್ಟಿಕೊಂಡು ಸರ್ಫಿಂಗ್ ಮಾಡಬಹುದಾ ಅಂತ ಕೇಳುವವರು ಸಾಮಾನ್ಯವಾಗಿ ಡಯಲ್ ಮೇಲಿನ ಮೀಟರ್ ಲೆಕ್ಕ, ಅಂದರೆ ಎಷ್ಟು ಆಳದ ನೀರನ್ನು ತಡೆಯುತ್ತದೆ ಅನ್ನುವ ಸಂಖ್ಯೆ, ನೋಡುತ್ತಾರೆ. 200 ಸಾಕಾ, 300 ಬೇಕಾ ಅಂತ. ನಾನು ಹೇಳುವುದು ಇಷ್ಟೇ: ಸರ್ಫಿಂಗ್‌ನಲ್ಲಿ ವಾಚು ನೀರಿನ ಒತ್ತಡಕ್ಕೆ ಹಾಳಾಗುವುದು ಬಹಳ ಅಪರೂಪ. ಅದು ಕೈಯಿಂದ ಕಳಚಿ ಹೋಗುತ್ತದೆ, ಇಲ್ಲವೇ ಸರಿಯಾಗಿ ಮುಚ್ಚದ ಕ್ರೌನ್‌ನಿಂದ (ಸಮಯ ಹೊಂದಿಸುವ ಪಕ್ಕದ ಗುಂಡಿಯಿಂದ) ನೀರು ಕುಡಿಯುತ್ತದೆ. ಎರಡನ್ನೂ ತಡೆಯುವುದು ನಮ್ಮ ಕೈಯಲ್ಲೇ ಇದೆ.

ಮೊದಲು ಮೀಟರ್ ಲೆಕ್ಕ ಮುಗಿಸಿಬಿಡೋಣ

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು ಒಂದು ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಹೆಚ್ಚುತ್ತದೆ. ದೊಡ್ಡ ಅಲೆ ಅದುಮಿ ಹಿಡಿದರೂ ನಾವು ಸಾಮಾನ್ಯವಾಗಿ ಹೋಗುವುದು ಕೆಲವೇ ಮೀಟರ್ ಆಳಕ್ಕೆ. "ಕೈ ಜೋರಾಗಿ ಬೀಸಿದರೆ ಒತ್ತಡ ಹತ್ತಾರು ಪಟ್ಟು ಏರುತ್ತದೆ" ಅನ್ನುವ ಮಾತು ಕೇಳಿರುತ್ತೀರಿ. ಲೆಕ್ಕ ಹಾಕಿ ನೋಡಿ. ಪ್ಯಾಡಲ್ ಮಾಡುವಾಗ, ಅಂದರೆ ಬೋರ್ಡ್ ಮೇಲೆ ಮಲಗಿ ಕೈಯಿಂದ ನೀರು ತಳ್ಳುವಾಗ, ಕೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋದರೆ, ಆ ಚಲನೆಯಿಂದ ಸೇರುವ ಒತ್ತಡ ಅರ್ಧ ಮೀಟರ್ ಆಳಕ್ಕೆ ಸಮ. ಸೆಕೆಂಡಿಗೆ 10 ಮೀಟರ್ ವೇಗವಾದರೂ ಸುಮಾರು 5 ಮೀಟರ್ ಆಳದಷ್ಟು, ಅಷ್ಟೇ. ನೀರಿಗೆ ಅಪ್ಪಳಿಸುವ ಗಳಿಗೆಯಲ್ಲಿ ಒತ್ತಡ ಇದಕ್ಕಿಂತ ಜಾಸ್ತಿ ಆಗಬಹುದು. ಆದರೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ.

ಹಾಗಾದರೆ ಏನು ನೋಡಬೇಕು? ಐಎಸ್‌ಒ 6425 ಅನ್ನುವ ಮಾನದಂಡ ಡೈವ್ ವಾಚುಗಳಿಗೆಂದೇ ಇದೆ. ಕನಿಷ್ಠ 100 ಮೀಟರ್ ತಡೆಯಬೇಕು. ಬರೆದಿರುವ ಒತ್ತಡಕ್ಕಿಂತ 25 ಶೇಕಡಾ ಜಾಸ್ತಿ ಒತ್ತಡದಲ್ಲಿ ಪರೀಕ್ಷೆ ಆಗಬೇಕು. ಅದೂ ಒಂದೊಂದು ವಾಚಿಗೂ ಆಗಬೇಕು. ಸಾಮಾನ್ಯ ವಾಟರ್ ರೆಸಿಸ್ಟೆಂಟ್ ವಾಚುಗಳಲ್ಲಿ ಕೆಲವನ್ನು ಮಾತ್ರ ಆರಿಸಿ ಪರೀಕ್ಷೆ ಮಾಡಿದರೂ ನಡೆಯುತ್ತದೆ. 1953ರಲ್ಲಿ ಬಂದ ಮೊದಲ ರೋಲೆಕ್ಸ್ ಸಬ್‌ಮರೀನರ್ ತಡೆಯುತ್ತಿದ್ದುದು 100 ಮೀಟರ್. ಇವತ್ತಿನದು 300. ಒಮೆಗಾ ಸೀಮಾಸ್ಟರ್ ಡೈವರ್ ಕೂಡ 300. ತಿರುಗಿಸಿ ಮುಚ್ಚುವ ಕ್ರೌನ್ ಇರುವ, ಗ್ಯಾಸ್ಕೆಟ್ (ನೀರು ತಡೆಯುವ ಉಂಗುರ) ಚೆನ್ನಾಗಿರುವ 200 ಮೀಟರ್ ವಾಚು ಸರ್ಫಿಂಗ್‌ಗೆ ಧಾರಾಳ ಸಾಕು. ಸುಮ್ನೆ 600 ಮೀಟರ್ ಹುಡುಕಿಕೊಂಡು ಹೋದರೆ ಸಿಗುವುದು ದಪ್ಪ, ಭಾರದ ವಾಚು. ಬೋರ್ಡ್ ಮೇಲೆ ಆ ದಪ್ಪವೇ ತೊಂದರೆ.

ಹೆಜ್ಜೆ 1: ಒತ್ತಡ ಪರೀಕ್ಷೆ ಮಾಡಿಸಿ

ಡಯಲ್ ಮೇಲಿನ ಸಂಖ್ಯೆ ವಾಚು ಹೊಸದಾಗಿದ್ದಾಗಿನ ಮಾತು. ಕೇಸಿನ (ವಾಚಿನ ಹೊರಕವಚದ) ಹಿಂಬದಿ, ಗಾಜು, ಕ್ರೌನ್, ಈ ಮೂರು ಕಡೆ ರಬ್ಬರ್ ಅಥವಾ ಪ್ಲಾಸ್ಟಿಕ್ ಉಂಗುರಗಳು ಕೂತು ನೀರನ್ನು ತಡೆಯುತ್ತವೆ. ಬಿಸಿಲು, ಬೆವರು, ಸನ್‌ಸ್ಕ್ರೀನ್ ಸೇರಿ ಇವು ಒಣಗುತ್ತವೆ, ಚಪ್ಪಟೆಯಾಗುತ್ತವೆ. ಕ್ರೌನ್ ಗ್ಯಾಸ್ಕೆಟ್ ಬೇಗ ಸವೆಯುತ್ತದೆ, ಯಾಕೆಂದರೆ ನಾವು ಪದೇ ಪದೇ ತಿರುಗಿಸುವುದು ಅದನ್ನೇ.

ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಿ. ಸರ್ಫಿಂಗ್ ಸೀಸನ್ ಶುರುವಾಗುವ ಮೊದಲು ಆದರೆ ಒಳ್ಳೆಯದು. ವಾಚು ಬಿಚ್ಚಿ ಬ್ಯಾಟರಿ ಬದಲಿಸಿದ್ದರೆ, ಸರ್ವಿಸ್ ಮಾಡಿಸಿದ್ದರೆ, ಬಲವಾಗಿ ಎಲ್ಲಾದರೂ ತಗುಲಿದ್ದರೆ ವರ್ಷ ಕಾಯಬೇಡಿ. ಮೊದಲು ಒಣ ಪರೀಕ್ಷೆ ಸಾಕು. ಗಾಳಿಯ ಒತ್ತಡ ಕೊಟ್ಟು ಕೇಸು ಎಷ್ಟು ಬಾಗುತ್ತದೆ ಅಂತ ಯಂತ್ರ ಅಳೆಯುತ್ತದೆ. ಇದರಲ್ಲಿ ಫೇಲ್ ಆದರೂ ಒಳಗೆ ನೀರು ಹೋಗುವ ಭಯ ಇಲ್ಲ.

ಅಜ್ಜ ಅಥವಾ ಅಪ್ಪ ಕೊಟ್ಟ ಹಳೆಯ ಡೈವ್ ವಾಚು ಇದೆಯಾ? ಅದನ್ನು ದಯವಿಟ್ಟು ನೀರಿಗೆ ಇಳಿಸಬೇಡಿ. ಗ್ಯಾಸ್ಕೆಟ್ ಬದಲಿಸಬಹುದು. ಆದರೆ ಸವೆದ ಕೇಸು, ಹಳೆಯ ಡಯಲ್, ಹಳೆಯ ಮುಳ್ಳು ಮತ್ತೆ ಸಿಗುವುದಿಲ್ಲ.

ಹೆಜ್ಜೆ 2: ಸ್ಪ್ರಿಂಗ್ ಬಾರ್ ಬಿಚ್ಚಿ ನೋಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ನನ್ನ ವಾಚು ಜೋತಾಡಿದ್ದು ಇದರಿಂದಲೇ.

ವಾಚಿನ ಕೇಸಿಗೂ ಪಟ್ಟಿಗೂ ಇರುವ ಏಕೈಕ ಕೊಂಡಿ ಸ್ಪ್ರಿಂಗ್ ಬಾರ್. ಒಂದು ಸಣ್ಣ ಕೊಳವೆ, ಒಳಗೆ ಸುರುಳಿ ಸ್ಪ್ರಿಂಗ್, ಎರಡೂ ತುದಿಗೆ ಒಳಕ್ಕೆ ಹೊರಕ್ಕೆ ಸರಿಯುವ ಮೊನೆ. ಆ ಮೊನೆ, ಪಟ್ಟಿ ಸಿಕ್ಕಿಸಲು ಕೇಸಿನಿಂದ ಚಾಚಿದ ಕೊಂಬು, ಅಂದರೆ ಲಗ್‌ನ ತೂತಿನಲ್ಲಿ ಕೂತಿರುವುದು ಮಿಲಿಮೀಟರ್ ಲೆಕ್ಕದಲ್ಲಿ. ಅಷ್ಟರ ಮೇಲೆ ಇಡೀ ವಾಚು ನಿಂತಿದೆ.

ಮನೆಗೆ ಬಂದು ನನ್ನ ಬಾರನ್ನು ಭೂತಗನ್ನಡಿ ಹಿಡಿದು ನೋಡಿದೆ. ಕೊಳವೆ ಹೊರಗಿನಿಂದ ಹೊಳೆಯುತ್ತಿತ್ತು. ಮೊನೆ ಹೊರಬರುವ ಜಾಗದಲ್ಲಿ ಮಾತ್ರ ಕಂದು ಬಣ್ಣದ ಒಂದು ಉಂಗುರ. ತುಕ್ಕು. ಉಪ್ಪು ನೀರು ಆ ಸಂದಿಯೊಳಗೆ ಹೋಗಿ ಒಣಗಿ, ಮತ್ತೆ ನೆನೆದು, ಮತ್ತೆ ಒಣಗಿ ಸ್ಪ್ರಿಂಗನ್ನು ತಿಂದಿತ್ತು. ಉಗುರಿನಿಂದ ಮೊನೆ ಒತ್ತಿದರೆ ಒಳಗೆ ಹೋಯಿತು, ತಿರುಗಿ ಬರಲೇ ಇಲ್ಲ. ವಾಚು ಅಷ್ಟು ದಿನ ನಿಂತಿದ್ದೇ ದೊಡ್ಡದು. ತಪ್ಪು ನನ್ನದೇ. ಒಂದು ಸಲವೂ ಅದನ್ನು ಬಿಚ್ಚಿ ನೋಡಿರಲಿಲ್ಲ.

ಈಗ ನಾನು ಮಾಡುವುದು ಹೀಗೆ. ಎರಡು ವಾರಕ್ಕೊಮ್ಮೆ ಪಟ್ಟಿ ಬಿಚ್ಚುತ್ತೇನೆ. ಬಾರನ್ನು ಸಿಹಿನೀರಿನಲ್ಲಿ ತೊಳೆದು ಒರೆಸುತ್ತೇನೆ. ಮೇಜಿನ ಮೇಲೆ ಉರುಳಿಸುತ್ತೇನೆ. ಕುಂಟುತ್ತಾ ಉರುಳಿದರೆ ಬಾಗಿದೆ ಅಂತ ಅರ್ಥ. ಎರಡೂ ಮೊನೆ ಒತ್ತಿ ಬಿಡುತ್ತೇನೆ. ಪಟ್ಟನೆ ಹೊರಗೆ ಚಿಮ್ಮಬೇಕು. ಮೊನೆ ಸವೆದಿದ್ದರೆ, ತುಕ್ಕಿನ ಗೆರೆ ಕಂಡರೆ, ಯೋಚನೆ ಮಾಡದೆ ಎಸೆಯುತ್ತೇನೆ. ಏನೂ ಕಾಣದಿದ್ದರೂ ವರ್ಷಕ್ಕೊಂದು ಹೊಸ ಜೊತೆ ಹಾಕುತ್ತೇನೆ. ವಾಚಿಗೆ ಸುರಿದ ದುಡ್ಡಿನ ಮುಂದೆ ಇದರ ಖರ್ಚು ಲೆಕ್ಕಕ್ಕೇ ಇಲ್ಲ.

ಹೊಸ ಬಾರ್ ಕೊಳ್ಳುವಾಗ ಉದ್ದ ಮಾತ್ರ ನೋಡಬೇಡಿ. ದಪ್ಪವನ್ನೂ, ಮೊನೆಯ ಅಳತೆಯನ್ನೂ ನೋಡಿ. ಸಾಮಾನ್ಯ ಬಾರ್ 1.5 ಅಥವಾ 1.8 ಮಿಲಿಮೀಟರ್ ದಪ್ಪ ಇರುತ್ತದೆ. ಸೀಕೋ ತನ್ನ ಎಷ್ಟೋ ಡೈವ್ ವಾಚುಗಳಿಗೆ 2.5 ಮಿಲಿಮೀಟರ್ ಬಾರ್ ಹಾಕುತ್ತದೆ, ಗಟ್ಟಿಮುಟ್ಟು ಅಂದರೆ ಅದು. ಮೊನೆ ಲಗ್‌ನ ತೂತಿಗಿಂತ ಸಣ್ಣದಿದ್ದರೆ ಒಳಗೆ ಅಲುಗಾಡಿ ಸವೆಯುತ್ತದೆ. ಹಾಕಿದ ಮೇಲೆ ಎರಡೂ ಕಡೆ ಟಿಕ್ ಅನ್ನುವ ಸದ್ದು ಕೇಳಿಸಬೇಕು. ಆಮೇಲೆ ಪಟ್ಟಿಯನ್ನು ಓರೆಯಾಗಿ ತಿರುಚಿ, ಬಲವಾಗಿ ಎಳೆದು ನೋಡಿ. ಕಳಚುವುದಾದರೆ ಮನೆಯಲ್ಲೇ ಕಳಚಲಿ.

ಟ್ಯೂಡರ್ 2021ರಲ್ಲಿ ತಂದ ಪೆಲಾಗೋಸ್ ಎಫ್‌ಎಕ್ಸ್‌ಡಿಯಲ್ಲಿ ಈ ಗೋಜೇ ಇಲ್ಲ. ಪಟ್ಟಿಯ ಕಂಬಿ ಕೇಸಿನ ಜೊತೆಗೇ ಒಂದೇ ತುಂಡಾಗಿದೆ. ಫ್ರೆಂಚ್ ನೌಕಾಪಡೆಯ ಡೈವರ್‌ಗಳ ಜೊತೆ ಸೇರಿ ಮಾಡಿದ ವಾಚು ಅದು. ಕೇಸು ಟೈಟಾನಿಯಂ, ಹಗುರ, ಉಪ್ಪಿಗೆ ಜಗ್ಗುವುದಿಲ್ಲ. ಸರ್ಫಿಂಗ್‌ಗೆಂದೇ ಹೊಸದಾಗಿ ಕೊಳ್ಳುವುದಿದ್ದರೆ ಇಂಥದ್ದನ್ನು ಒಮ್ಮೆ ಕೈಗೆ ಕಟ್ಟಿ ನೋಡಿ.

ಹೆಜ್ಜೆ 3: ಪಟ್ಟಿ ಬದಲಿಸಿ

ಸ್ಟೀಲ್ ಬ್ರೇಸ್‌ಲೆಟ್ ಮನೆಯಲ್ಲಿಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಅದರಲ್ಲಿ ಕೊಂಡಿಗಳು ಜಾಸ್ತಿ, ಒಂದೊಂದಕ್ಕೂ ಒಂದು ಪಿನ್ ಅಥವಾ ಸ್ಕ್ರೂ, ಯಾವುದು ಬೇಕಾದರೂ ಸಡಿಲಾಗಬಹುದು. ಕ್ಲಾಸ್ಪ್ (ಪಟ್ಟಿ ಮುಚ್ಚುವ ಕೊಕ್ಕೆ) ಬೋರ್ಡಿಗೆ ಬಡಿದು ತೆರೆದುಕೊಳ್ಳಬಹುದು. ಕಾಲು ಜಾರದಿರಲಿ ಅಂತ ಬೋರ್ಡಿಗೆ ಹಚ್ಚುವ ಮೇಣ ಮರಳಿನ ಜೊತೆ ಸೇರಿ ಕೊಂಡಿಗಳ ಸಂದಿಗೆ ಹೋದರೆ ಅರೆಯುವ ಕಲ್ಲಿನ ಹಾಗೆ ಕೆಲಸ ಮಾಡುತ್ತದೆ. ಬೋರ್ಡಿನ ಮೇಲ್ಮೈಗೂ ಗೀರು ಬೀಳುತ್ತದೆ. ಚರ್ಮದ ಪಟ್ಟಿಯ ಮಾತೇ ಬೇಡ, ನೆನೆದು ಕೊಳೆಯುತ್ತದೆ.

ನನ್ನ ಆಯ್ಕೆ ಒಂದೇ ತುಂಡಿನ ನೈಲಾನ್ ಪಟ್ಟಿ, ಎಲ್ಲರೂ ನೇಟೋ ಸ್ಟ್ರಾಪ್ ಅನ್ನುವುದು. ಇದರ ಮೂಲ 1973ರ ಬ್ರಿಟಿಷ್ ಸೈನ್ಯದ ಜಿ10 ಪಟ್ಟಿ. ಇದು ಎರಡೂ ಬಾರ್‌ಗಳ ಕೆಳಗೆ ನುಗ್ಗಿ ಹೋಗುತ್ತದೆ. ಒಂದು ಬಾರ್ ಹೋದರೂ ವಾಚು ಇನ್ನೊಂದರಲ್ಲಿ ನಿಲ್ಲುತ್ತದೆ. ನನ್ನ ವಾಚು ಉಳಿದದ್ದು ಹೀಗೆಯೇ. ಎರಡು ತುಂಡಿನ ಪಟ್ಟಿ ಆಗಿದ್ದರೆ ಅದು ಆ ದಿನವೇ ಸಮುದ್ರದ ಪಾಲು. ಒಂದು ಗಮನಿಸಿ: ನೈಲಾನ್ ನೆನೆದಾಗ ಸ್ವಲ್ಪ ಹಿಗ್ಗುತ್ತದೆ. ದಿನಾ ಹಾಕುವುದಕ್ಕಿಂತ ಒಂದು ತೂತು ಬಿಗಿಯಾಗಿ ಕಟ್ಟಿ. ಉಳಿದ ಬಾಲವನ್ನು ಮಡಚಿ ಉಂಗುರದೊಳಗೆ ಸಿಕ್ಕಿಸಿ.

ರಬ್ಬರ್ ಇಷ್ಟವಿದ್ದರೆ ಎಫ್‌ಕೆಎಂ ರಬ್ಬರ್ ನೋಡಿ, ಉಪ್ಪಿಗೂ ಬಿಸಿಲಿಗೂ ಚೆನ್ನಾಗಿ ತಡೆಯುತ್ತದೆ. ಮಡಚುವ ಕ್ಲಾಸ್ಪ್ ಬೇಡ, ಮುಳ್ಳಿನ ಬಕಲ್ ಇರಲಿ. ತೂತುಗಳ ಹತ್ತಿರ ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೆ ಆ ಪಟ್ಟಿಯ ಕಾಲ ಮುಗಿಯಿತು.

ಹೆಜ್ಜೆ 4: ಎಲ್ಲಿ ಕಟ್ಟಬೇಕು?

ನೆಲದ ಮೇಲೆ ಬೋರಲು ಮಲಗಿ, ಅಂಗೈ ಎದೆಯ ಪಕ್ಕ ಊರಿ, ಪಾಪ್-ಅಪ್ ಮಾಡಿ, ಅಂದರೆ ಒಮ್ಮೆಲೇ ಎದ್ದು ನಿಂತು, ನೋಡಿ. ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಎಡಗೈಯಲ್ಲಿ ವಾಚಿದ್ದರೆ 3 ಗಂಟೆಯ ಕಡೆಯ ಕ್ರೌನ್ ಹಸ್ತದ ಹಿಂಬದಿಗೆ ಚುಚ್ಚುತ್ತದೆ. ಒಂದು ಗಂಟೆ ಸರ್ಫಿಂಗ್ ಮಾಡಿದರೆ ಅಲ್ಲಿ ಚರ್ಮ ಕಿತ್ತು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಸಲ ಕ್ರೌನ್ ಮೇಲೆ ಒತ್ತಡ ಬೀಳುತ್ತದೆ.

ಪರಿಹಾರ ಎರಡು. ಒಂದು, ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಮೊಣಕೈ ಕಡೆಗೆ ಕಟ್ಟಿ. ಇನ್ನೊಂದು, ಬಲಗೈಗೆ ಕಟ್ಟಿ. ಆಗ ಕ್ರೌನ್ ಮೊಣಕೈ ಕಡೆ ಮುಖ ಮಾಡುತ್ತದೆ. ಎರಡು ದಿನ ವಿಚಿತ್ರ ಅನ್ನಿಸುತ್ತದೆ, ಮೂರನೆಯ ದಿನ ಮರೆತೇ ಹೋಗುತ್ತದೆ.

ಡಯಲ್ ಯಾವತ್ತೂ ಕೈಯ ಹೊರಮೈ ಮೇಲಿರಲಿ. ಕೆಲವರು ಗಾಜಿಗೆ ಪೆಟ್ಟು ಬೀಳಬಾರದು ಅಂತ ಒಳಮೈಗೆ ತಿರುಗಿಸಿ ಕಟ್ಟುತ್ತಾರೆ. ಬಿದ್ದಾಗ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುತ್ತೇವೆ ಅಲ್ವಾ? ಆಗ ಅಷ್ಟು ಲೋಹ ನೇರ ನಿಮ್ಮ ಕಿವಿಗೋ ಹಣೆಗೋ ಬಡಿಯುತ್ತದೆ. ವಾಚಿನ ಗಾಜಿಗಿಂತ ನಿಮ್ಮ ತಲೆ ಮುಖ್ಯ.

ವೆಟ್‌ಸೂಟ್ ಹಾಕುವವರು ಸೂಟಿನ ತೋಳಿನ ಮೇಲೆಯೇ ವಾಚು ಕಟ್ಟಿ. ಸೂಟಿನ ನಿಯೋಪ್ರೀನ್ ರಬ್ಬರ್ ಮೇಲೆ ಪಟ್ಟಿ ಜಾರುವುದಿಲ್ಲ, ನೋಡಲೂ ಸುಲಭ. ಆದರೆ ಸೂಟು ಬಿಚ್ಚುವ ಮೊದಲು ವಾಚು ತೆಗೆಯಿರಿ. ತೋಳು ಎಳೆಯುವ ರಭಸಕ್ಕೆ ಬಾರ್ ಕಳಚುವುದುಂಟು. ಸೂಟು ಇಲ್ಲದಿದ್ದರೆ ಪಟ್ಟಿಯನ್ನು ಒಂದು ಬೆರಳು ಕಷ್ಟಪಟ್ಟು ನುಗ್ಗುವಷ್ಟು ಬಿಗಿ ಮಾಡಿ. ತಣ್ಣೀರಿನಲ್ಲಿ ಮಣಿಕಟ್ಟು ಸ್ವಲ್ಪ ಸಣ್ಣಗಾಗುತ್ತದೆ. ದಡದಲ್ಲಿ ಸರಿಯಾಗಿದ್ದದ್ದು ಅಲ್ಲಿ ಸಡಿಲ ಅನ್ನಿಸುತ್ತದೆ.

ಹೆಜ್ಜೆ 5: ಕ್ರೌನ್ ಮುಚ್ಚಿ, ಮತ್ತೆ ನೋಡಿ

ಮೊದಲು ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಬೋರ್ಡಿಗೆ ಮೇಣ ತಿಕ್ಕಿ. ಕೈ ಒರೆಸಿಕೊಂಡು ಆಮೇಲೆ ವಾಚು ಮುಟ್ಟಿ. ಎಣ್ಣೆ, ಮೇಣ, ಮರಳು ಕ್ರೌನಿನ ಮರೆಗೆ (ತಿರುಪಿನ ಸುರುಳಿ ಗೆರೆಗೆ) ಹೋಗಬಾರದು.

ಸಮಯ ಹೊಂದಿಸಿದ ಮೇಲೆ ಕ್ರೌನನ್ನು ಮೆಲ್ಲಗೆ ಒಳಗೆ ಒತ್ತಿ. ತಕ್ಷಣ ಬಿಗಿ ಮಾಡಬೇಡಿ. ಮೊದಲು ಉಲ್ಟಾ ತಿರುಗಿಸಿ. ಒಂದು ಜಾಗದಲ್ಲಿ ಬೆರಳಿಗೆ ಸಣ್ಣಗೆ ಟಕ್ ಅನ್ನಿಸುತ್ತದೆ. ಮರೆಯ ಬಾಯಿ ಸರಿಯಾಗಿ ಕೂತ ಗುರುತು ಅದು. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಬೆಣ್ಣೆಯಲ್ಲಿ ಹೋದ ಹಾಗೆ ಹೋಗಬೇಕು. ಎಲ್ಲಾದರೂ ಗರಗರ ಅಂದರೆ ಮರೆ ಓರೆ ಹಿಡಿದಿದೆ. ನಿಲ್ಲಿಸಿ, ಹಿಂದೆ ಬಂದು ಮತ್ತೆ ಶುರು ಮಾಡಿ. ಕೊನೆಗೆ ತಾನಾಗಿ ನಿಂತ ಜಾಗದಲ್ಲಿ ಬಿಟ್ಟುಬಿಡಿ. ಬಲ ಹಾಕಿ ತಿರುಚಿದರೆ ಗ್ಯಾಸ್ಕೆಟ್ ಜಜ್ಜಿಹೋಗುತ್ತದೆ.

ಪಕ್ಕದಿಂದ ನೋಡಿ. ಕೇಸಿಗೂ ಕ್ರೌನಿಗೂ ನಡುವೆ ಮರೆಯ ಗೆರೆ ಕಾಣಿಸಬಾರದು. ಹೀಲಿಯಂ ವಾಲ್ವ್ (ಆಳದ ಡೈವಿಂಗ್ ವೇಳೆ ಒಳಸೇರಿದ ಅನಿಲ ಹೊರಬಿಡುವ ಕಿಂಡಿ) ಇರುವ ವಾಚಾದರೆ ಅದನ್ನೂ ಮುಚ್ಚಿ. ಸರ್ಫಿಂಗ್‌ನಲ್ಲಿ ಅದಕ್ಕೆ ಕೆಲಸವಿಲ್ಲ. ಕ್ರೋನೋಗ್ರಾಫ್ (ಸ್ಟಾಪ್ ವಾಚ್ ಕೂಡ ಇರುವ ವಾಚು) ಆದರೆ ನೀರಿನಲ್ಲಿ ಬಟನ್ ಒತ್ತಬೇಡಿ.

ಬಿಸಿಲಿನಲ್ಲಿ ಕಾದ ವಾಚನ್ನು ನೇರ ತಣ್ಣೀರಿಗೆ ಅದ್ದುವುದಕ್ಕಿಂತ, ನೆರಳಿನಲ್ಲಿ ಐದು ನಿಮಿಷ ಇಟ್ಟು ಇಳಿಯುವುದು ವಾಸಿ. ಒಳಗಿನ ಗಾಳಿ ಒಮ್ಮೆಲೇ ಕುಗ್ಗಿದಾಗ, ಹಳೆಯ ಗ್ಯಾಸ್ಕೆಟ್ ಇದ್ದರೆ ಅಲ್ಲಿಂದ ನೀರು ಎಳೆದುಕೊಳ್ಳಬಹುದು.

ಹೆಜ್ಜೆ 6: ನೀರಿನಲ್ಲಿ ವಾಚಿನಿಂದ ಕೆಲಸ ತೆಗೆಯಿರಿ

ಇಷ್ಟೆಲ್ಲಾ ಮಾಡಿ ಬರೀ ಚೆಂದಕ್ಕೆ ಕಟ್ಟಿಕೊಂಡು ಹೋಗುವುದಾ? ಡೈವ್ ವಾಚಿನ ಬೆಜೆಲ್, ಅಂದರೆ ಡಯಲ್ ಸುತ್ತಲಿನ ತಿರುಗುವ ಉಂಗುರ, ಸರ್ಫರ್‌ಗೆ ನಿಜಕ್ಕೂ ಉಪಯೋಗದ ಸಾಧನ.

ನೀರಿಗಿಳಿಯುವಾಗ ಬೆಜೆಲ್‌ನ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಹೊಂದಿಸಿ. ಎಷ್ಟು ಹೊತ್ತಾಯಿತು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸುಸ್ತಾದದ್ದು ತಲೆಗೆ ತಿಳಿಯುವ ಮೊದಲೇ ತೋಳಿಗೆ ಆಗಿರುತ್ತದೆ. ಅದಕ್ಕೇ ಮೊದಲೇ ಗಡುವು ಹಾಕಿಕೊಳ್ಳುವುದು ಒಳ್ಳೆಯದು.

ಲೈನ್-ಅಪ್‌ನಲ್ಲಿ (ಸರ್ಫರುಗಳು ಅಲೆಗಾಗಿ ಕಾಯುವ ಜಾಗದಲ್ಲಿ) ಕೂತಾಗ, ಒಂದರ ಹಿಂದೊಂದು ಬರುವ ಅಲೆಗಳ ಗುಂಪಿನ, ಅಂದರೆ ಒಂದು ಸೆಟ್‌ನ ಕೊನೆಯ ಅಲೆ ದಾಟಿದ ಕೂಡಲೇ ತ್ರಿಕೋನ ಹೊಂದಿಸಿ, ಮುಂದಿನ ಸೆಟ್ ಬರುವವರೆಗೆ ಕಾಯಿರಿ. ಎರಡು ಮೂರು ಸಲ ಹೀಗೆ ನೋಡಿದರೆ ಆ ದಿನದ ಸಮುದ್ರದ ಲಯ ಕೈಗೆ ಸಿಗುತ್ತದೆ. ಯಾವಾಗ ಹೊರಗೆ ಪ್ಯಾಡಲ್ ಮಾಡಬೇಕು, ಯಾವಾಗ ಕಾಯಬೇಕು ಅಂತ ತಿಳಿಯುತ್ತದೆ. ಸೆಕೆಂಡ್ ಮುಳ್ಳಿನಿಂದ ಅಲೆಗಳ ಅಂತರವನ್ನೂ ಅಳೆಯಬಹುದು. ದಡದಲ್ಲಿ ನಿಂತು ದೂರದ ಒಂದು ಬಂಡೆಯನ್ನೋ ತೇಲುಬುರುಡೆಯನ್ನೋ ಗುರುತಿಟ್ಟುಕೊಳ್ಳಿ. ಒಂದು ಅಲೆಯ ನೆತ್ತಿ ಅದನ್ನು ದಾಟಿದಾಗ ಸೊನ್ನೆ ಎಣಿಸಿ, ಹತ್ತನೆಯದು ದಾಟುವವರೆಗಿನ ಸೆಕೆಂಡನ್ನು ಹತ್ತರಿಂದ ಭಾಗಿಸಿ. 7–8 ಸೆಕೆಂಡ್ ಬಂದರೆ ಹತ್ತಿರದ ಗಾಳಿಯ ಅಲೆ. 14 ದಾಟಿದರೆ ದೂರದಿಂದ ಬಂದ ಬಲವಾದ ಅಲೆ, ಕಂಡದ್ದಕ್ಕಿಂತ ಜೋರಾಗಿ ತಳ್ಳುತ್ತದೆ.

ಉಬ್ಬರ ಇಳಿತಕ್ಕೂ ಬೆಜೆಲ್ ಬಳಸಬಹುದು. ದಿನಕ್ಕೆ ಎರಡು ಉಬ್ಬರ ಬರುವ ಕಡೆ ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಬೆಳಗಿನ ಉಬ್ಬರ 6 ಗಂಟೆಗಿದ್ದರೆ ತ್ರಿಕೋನವನ್ನು 6ರ ಮುಂದೆ ನಿಲ್ಲಿಸಿ. ಗಂಟೆಯ ಮುಳ್ಳು ಅಲ್ಲಿಂದ ಎದುರು ಬದಿಗೆ ಬಂದಾಗ ಇಳಿತ ಹತ್ತಿರ ಬಂದಿದೆ ಅಂತ ಲೆಕ್ಕ. ನಡುವಿನ ಎರಡು ಗಂಟೆಯಲ್ಲಿ ನೀರು ಅತಿ ವೇಗವಾಗಿ ಇಳಿಯುತ್ತದೆ. ಒಟ್ಟು ಇಳಿತದ ಅರ್ಧ ಆಗುವುದು ಆಗಲೇ.

ಬೀಳುವಾಗ ಅಂಗೈ ತಲೆಗೆ ತಾಗುವ ಹಾಗೆ ಮುಚ್ಚಿಕೊಳ್ಳಿ, ವಾಚು ಹೊರಗಡೆ ಇರುತ್ತದೆ. ಯಾಂತ್ರಿಕ ವಾಚು ಪೆಟ್ಟಿಗೆ ಕೆಡುತ್ತದೆ ಅನ್ನುವ ಭಯ ಸ್ವಲ್ಪ ಜಾಸ್ತಿಯೇ. 1934ರ ಇಂಕಾಬ್ಲಾಕ್‌ನಂಥ ಪೆಟ್ಟು ತಡೆಯುವ ವ್ಯವಸ್ಥೆಗಳು ಬಂದ ಮೇಲೆ, ವಾಚಿನ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರದ ಸೂಜಿಮೊನೆಗಳು ಸುಲಭಕ್ಕೆ ಮುರಿಯುವುದಿಲ್ಲ. ಐಎಸ್‌ಒ 1413 ಪ್ರಕಾರ ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ಮೇಲೆ ಬಿದ್ದಷ್ಟು ಪೆಟ್ಟನ್ನು ವಾಚು ತಡೆಯಬೇಕು. ನೀರಿನ ಹೊಡೆತ ಅದಕ್ಕಿಂತ ಮೆದು. ಬಂಡೆ, ಹವಳದ ದಿಬ್ಬ ಇರುವ ಕಡೆ ಮಾತ್ರ ವಾಚು ಬೇಡ. ಸಫೈರ್ ಗಾಜಿನ ಗಡಸುತನ ಮೋಸ್ ಅಳತೆಯಲ್ಲಿ 9, ಮರಳಿನ ಸ್ಫಟಿಕದ್ದು 7. ಹಾಗಾಗಿ ಮರಳಿನಿಂದ ಗಾಜಿಗೆ ಗೀರು ಬೀಳುವುದಿಲ್ಲ. ಆದರೆ ಅಂಚಿಗೆ ಬಂಡೆ ಬಡಿದರೆ ಚಕ್ಕೆ ಏಳುತ್ತದೆ. ಸೆರಾಮಿಕ್ ಬೆಜೆಲ್ ಕೂಡ ಹಾಗೆಯೇ. ಹೊಸದಾಗಿ ಕಲಿಯುವವರು, ಜನ ತುಂಬಿದ ಲೈನ್-ಅಪ್‌ಗೆ ಹೋಗುವವರು ಕೂಡ ಬಿಟ್ಟು ಹೋಗಿ. ಲೋಹದ ಅಂಚು ಇನ್ನೊಬ್ಬರ ಮುಖಕ್ಕೆ ತಾಗಬಾರದು.

ಹೆಜ್ಜೆ 7: ತೊಳೆಯುವುದು

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಣಗಿದ ಮೇಲೆ ಅದು ಬೆಜೆಲ್ ಕೆಳಗೆ, ಲಗ್ ಸಂದಿಯಲ್ಲಿ ಹರಳಾಗಿ ಕೂರುತ್ತದೆ. ವಾಚಿಗೆ ಬಳಸುವ 316ಎಲ್ ಸ್ಟೀಲ್ ಕೂಡ ಗಾಳಿಯಾಡದ ಸಂದಿಯಲ್ಲಿ ಉಪ್ಪು ನಿಂತರೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಒಣಗುವ ಮೊದಲೇ ತೊಳೆಯಿರಿ. ನಾನು ಒಂದು ಬಾಟಲಿ ಸಿಹಿನೀರು ಬೋರ್ಡ್ ಜೊತೆಗೇ ಒಯ್ಯುತ್ತೇನೆ.

ಕ್ರೌನ್ ಮುಚ್ಚಿದೆ ಅಂತ ಖಚಿತ ಮಾಡಿಕೊಂಡು ಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿಡಿ. ನೀರೊಳಗೇ ಬೆಜೆಲನ್ನು ಎರಡು ಸುತ್ತು ತಿರುಗಿಸಿ. ಮರಳಿನ ಕಣ ಇದ್ದರೆ ಬೆರಳಿಗೆ ಕರಕರ ಗೊತ್ತಾಗುತ್ತದೆ, ಅದು ನಿಲ್ಲುವವರೆಗೆ ತಿರುಗಿಸಿ. ಮೆದು ಹಲ್ಲುಜ್ಜುವ ಬ್ರಷ್‌ನಿಂದ ಲಗ್ ಸಂದಿ ಉಜ್ಜಿ. ಬಿಸಿನೀರಿನ ಶವರ್‌ಗೆ, ಸೌನಾಗೆ ವಾಚು ಒಯ್ಯಬೇಡಿ. ಬಿಸಿ ಮತ್ತು ಸೋಪು ಗ್ಯಾಸ್ಕೆಟಿಗೆ ಉಪ್ಪುನೀರಿಗಿಂತ ಕೆಟ್ಟದ್ದು. ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಕ್ರೌನ್ ತೆರೆಯಿರಿ. ನೈಲಾನ್ ಪಟ್ಟಿಯನ್ನು ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸಿ.

ಗಾಜಿನೊಳಗೆ ಮಂಜು ಕಂಡರೆ

ಅನುಮಾನ ಇದ್ದರೆ ವಾಚ್ ರಿಪೇರಿಯವರು ಮಾಡುವ ಪರೀಕ್ಷೆ ಒಂದಿದೆ. ವಾಚನ್ನು 40ರಿಂದ 45 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಟ್ಟು, ಒಂದು ನಿಮಿಷ ಬಿಟ್ಟು ಒರೆಸುತ್ತಾರೆ. ಹನಿ ಇದ್ದ ಜಾಗದಲ್ಲಿ ಒಳಗೆ ಮಂಜು ಉಳಿದಿದ್ದರೆ ತೇವ ಹೋಗಿದೆ.

ಹಾಗೇನಾದರೂ ಕಂಡರೆ ನಾಳೆ ನೋಡೋಣ ಅನ್ನಬೇಡಿ. ಉಪ್ಪು ನೀರು ಗಂಟೆಗಳಲ್ಲಿ ಮುಳ್ಳುಗಳನ್ನೂ ಚಕ್ರಗಳನ್ನೂ ತಿನ್ನಲು ಶುರು ಮಾಡುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ನೀರು ಆರಿದರೂ ಉಪ್ಪು ಒಳಗೇ ಉಳಿಯುತ್ತದೆ. ಅದೇ ದಿನ ವಾಚ್ ರಿಪೇರಿಯವರ ಕೈಗೆ ಕೊಡಿ, "ಸಮುದ್ರದ ನೀರು" ಅಂತ ಬಾಯಿಬಿಟ್ಟು ಹೇಳಿ.

ಕಳೆದುಹೋದರೆ

1927ರಲ್ಲಿ ಬ್ರಿಟಿಷ್ ಈಜುಗಾರ್ತಿ ಮರ್ಸಿಡಿಸ್ ಗ್ಲೈಟ್ಸ್ ಇಂಗ್ಲಿಷ್ ಕಾಲುವೆಯಲ್ಲಿ ಹತ್ತು ಗಂಟೆಗೂ ಹೆಚ್ಚು ಈಜಿದಾಗ ರೋಲೆಕ್ಸ್ ಆಯ್ಸ್ಟರ್ ಅವರ ಕೊರಳಲ್ಲಿ ತೂಗುತ್ತಿತ್ತು, ಕೈಯಲ್ಲಲ್ಲ. ನಾವು ಮಣಿಕಟ್ಟಿಗೇ ಕಟ್ಟುತ್ತೇವೆ, ಹಾಗಾಗಿ ಕಳೆಯುವ ಸಾಧ್ಯತೆ ಇದ್ದೇ ಇದೆ. ಇಳಿಯುವ ಮೊದಲೇ ವಾಚಿನ ಸೀರಿಯಲ್ ನಂಬರ್, ಫೋಟೊ, ಬಿಲ್ ಒಂದು ಕಡೆ ಇಟ್ಟಿರಿ. ವಿಮೆ ಮಾಡಿಸಿದ್ದರೆ ನೀರಿನ ಆಟಗಳಲ್ಲಿ ಕಳೆದದ್ದಕ್ಕೂ ಅನ್ವಯಿಸುತ್ತದಾ ಅಂತ ಪತ್ರ ಓದಿ ನೋಡಿ.

ಕಳಚಿದ್ದು ಗೊತ್ತಾದ ಕೂಡಲೇ ಅಲೆಯೊಳಗೆ ಮುಳುಗಿ ಹುಡುಕಲು ಹೋಗಬೇಡಿ. ಬೋರ್ಡ್ ಹಿಡಿದುಕೊಳ್ಳಿ. ದಡದಲ್ಲಿ ಒಂದರ ಹಿಂದೆ ಒಂದು ಇರುವ ಎರಡು ಗುರುತು ನೋಡಿಕೊಳ್ಳಿ, ಮರದ ಹಿಂದಿನ ಕಂಬ, ಆ ಥರ. ಬದಿಗೆ ಇನ್ನೆರಡು. ಆ ಎರಡು ಗೆರೆ ಸೇರುವಲ್ಲಿ ನಿಮ್ಮ ವಾಚು ಬಿದ್ದಿದೆ. ಇಳಿತದ ಹೊತ್ತಿಗೆ, ನೀರು ಸೊಂಟಕ್ಕೆ ಬಂದಾಗ, ನೀರಿಗೆ ಇಳಿಸಬಹುದಾದ ಮೆಟಲ್ ಡಿಟೆಕ್ಟರ್ ಹಿಡಿದು ಗೆಳೆಯರೊಬ್ಬರ ಜೊತೆ ವಾಪಸ್ ಬನ್ನಿ.